ತೇಗದ ಹುಲ್ಲು

ಕ್ರಾಸ್ತಾ ಟೀಚರ್ ಹೆರಿಗೆಗೆಂದು ಊರಿಗೆ ಹೋದದ್ದರಿಂದ
ಈ ವರ್ಷದ ಗೋದಲಿ
ಡ್ರಾಯಿಂಗ್ ಮಾಸ್ತರನಾದ ನನ್ನ ಪಾಲಿಗೆ ಬಂತು.
ಎರಡನೇ ಇಯತ್ತೆ, ಬಿ ವಿಭಾಗ, ಮೂವತ್ತೊಂದು ಮಕ್ಕಳು,
ಅಂಟಿನ ಬಾಟಲಿ ಆರು, ಕತ್ತರಿ ಒಂಬತ್ತು,
ಅದರಲ್ಲಿ ಎರಡಕ್ಕೆ ಹರಿತವಿಲ್ಲ.

ಟೀಚರ್ ಬಿಟ್ಟುಹೋದ ಚೀಟಿ:
"ಹಿಮಕ್ಕೆ ಹತ್ತಿ. ಹುಲ್ಲು ಎಲ್ಲಿಂದಾದರೂ ತನ್ನಿ.
ಕುರಿಗಳನ್ನು ಮಕ್ಕಳೇ ಮಾಡಲಿ, ನೀವು ತಿದ್ದಬೇಡಿ."

ಹಿಮ ಅಂದರೇನು ಸರ್, ಎಂದಳು ಇಫ್ರಾ.
ಹೊರಗೆ ಡಿಸೆಂಬರ್. ಸೂರಿನ ಬಿಸಿಲು
ಕಿಟಕಿಯ ಸರಳುಗಳನ್ನು ನೆಲದ ಮೇಲೆ ಗೆರೆ ಎಳೆದಿತ್ತು.
ನಾನೂ ಕಂಡವನಲ್ಲ. ಫ್ರಿಜ್ಜಿನ ಒಳಗೋಡೆ, ಎಂದೆ.
ಮರುದಿನ ರಿಜಿಲನ ಅಪ್ಪ, ಮೀನುಪೇಟೆಯ ಐಸ್ ಮಷಿನ್ನಿನವ,
ಥರ್ಮಾಕೋಲ್ ಪೆಟ್ಟಿಯೊಂದನ್ನು ಗೇಟಿನಲ್ಲಿಟ್ಟು ಹೋದ.
ಪುಡಿಪುಡಿ ಬಿಳಿ; ಎಲ್ಲರ ಕೈ ಒಳಗೆ, ಮೊಣಕೈವರೆಗೆ.
ಬೆತ್ಲೆಹೇಮಿನಲ್ಲಿ ಅಂದು
ಅಂಜಲ್ ಮೀನಿನ ವಾಸನೆಯ ಹಿಮ ಬಿತ್ತು.
ಹಾಜರಿ ಪುಸ್ತಕ ನೆನೆಯಿತು.
ಹೆಡ್‌ಮಿಸ್ಸಿನಿಂದ ನನಗೆ ಬೀಳಬೇಕಾದ್ದೂ ಬಿತ್ತು.

ಲಬನ್ ಕುಡಿದು ತೊಳೆದ ಡಬ್ಬಿ ಸೀಳಿದರೆ ಒಳಗೆಲ್ಲ ಬೆಳ್ಳಿ.
ಅದರಿಂದ ನಕ್ಷತ್ರ.
ತರುಷಿಯದಕ್ಕೆ ಮೂರೇ ಮೂಲೆ.
ಸಮೋಸಾ! ಎಂದು ಹಿಂದಿನ ಬೆಂಚು.
ತುಂಬ ದೂರ ಇದೆ, ಉಳಿದದ್ದು ಕಾಣಲ್ಲ, ಎಂದಳು.

ಕುರಿ ಮಾಡಿ ಎಂದರೆ ಹದಿನಾಲ್ಕು ಒಂಟೆ ಬಂದವು,
ಖರ್ಜೂರದ ಬೀಜಕ್ಕೆ ಬೆಂಕಿಕಡ್ಡಿಯ ಕಾಲು.
ಎರಡು ಆಡು, ರಟ್ಟು ತಿನ್ನುತ್ತಿರುವಂಥವು,
ಶಾಲೆಯ ಗೇಟಿನಲ್ಲಿ ದಿನಾ ಕಾಣುವಂಥವೇ.
ನಾನು ತಿದ್ದಲಿಲ್ಲ.

ಮೂಡಣದಿಂದ ಮೂವರು ಜ್ಞಾನಿಗಳು ಬಂದರು, ಎಂದೆ.
ನಮ್ಮ ಕಡೆಯಿಂದಲಾ? ಯಾವ ವೀಸಾ?
ವಿಸಿಟ್ ಇರಬೇಕು, ವಾಪಸ್ ಹೋದರಲ್ಲ, ಎಂದ ಯೊಹಾನ್
ತಲೆ ಎತ್ತದೆ, ಅಂಟು ಸುರಿಯುತ್ತ.
ಬಸ್ಸಿನ ಡ್ರೈವರ್ ಖಲ್ಫಾನ್ ಬಾಗಿಲಲ್ಲಿ ನಿಂತು ಕೇಳಿದ್ದ.
ಕಿಸೆಯಿಂದ ನಾಲ್ಕು ಹರಳು ಧೂಪ ತೆಗೆದು
ಮೇಜಿನ ಮೇಲಿಟ್ಟ: ಲುಬಾನ್, ದೋಫಾರಿನದು.
ಅವರು ಕೊಂಡದ್ದು ನಮ್ಮಲ್ಲೇ, ಬೇರೆಲ್ಲಿ ಸಿಗುತ್ತೆ?

ಉಳಿದದ್ದು ಹುಲ್ಲು.
ಈ ಊರಲ್ಲಿ ಹುಲ್ಲಿಗೆ ಎಲ್ಲಿ ಹೋಗಲಿ?
ಸಂಜೆ ಹಡಗುಕಟ್ಟೆಯ ಕಡೆ ನಡೆದೆ.
ಹಳೆಯ ದೋವ್ ಒಂದು ಪಕ್ಕೆಲುಬು ತೋರಿಸಿ ನಿಂತಿತ್ತು,
ಕೆಳಗೆ ಮೊಣಕಾಲುದ್ದ ಕೀಸುಹೊಟ್ಟು, ಸುರುಳಿಸುರುಳಿ.
ಮಾಂಡವಿಯ ಮುದುಕ ಮಿಸ್ತ್ರಿ ಕೇಳಿದ: ಯಾತಕ್ಕೆ?
ಕೂಸಿಗೆ ಹಾಸಲು, ಎಂದೆ ನನ್ನ ಹರಕು ಹಿಂದಿಯಲ್ಲಿ.
ಎಷ್ಟು ದಿನದ್ದು?
ಇನ್ನೂ ಹುಟ್ಟಿಲ್ಲ.
ಅವನು ನಗಲಿಲ್ಲ. ಉಳಿ ಬದಿಗಿಟ್ಟು ಕೂತು
ತುಂಬಿದ ಚೀಲ ಮತ್ತೆ ನೆಲಕ್ಕೆ ಸುರಿದ,
ಒಂದೊಂದು ಹಿಡಿಯನ್ನೂ ಅಂಗೈಯಲ್ಲಿ ಹೊಸೆದು
ಸಿಬಿರು ಇದ್ದದ್ದನ್ನು ಎಸೆದ, ಮೆತ್ತಗಿದ್ದದ್ದನ್ನು ಉಳಿಸಿದ.
ಕತ್ತಲಾಗುವವರೆಗೆ.
ನಾನು ಸುಳ್ಳು ಹೇಳಿದೆನೇ, ಇಲ್ಲವೇ, ಗೊತ್ತಾಗಲಿಲ್ಲ.

ಮರ ಕಲ್ಲಿಕೋಟೆಯ ತೇಗ.
ಚೀಲಕ್ಕೆ ಮೂಗಿಟ್ಟೆ: ಹೊನ್ನಾವರದ ಹೊಳೆದಂಡೆ,
ದೋಣಿಯ ಹೊಟ್ಟೆಯೊಳಗೆ ಕೂತ ಅಪ್ಪನ ಬನಿಯನ್ನು.
ಮೇಸ್ತರ ಮಗ ಪೆನ್ಸಿಲ್ ಹಿಡಿದನಲ್ಲ ಎಂದು
ಒಂದು ಮಳೆಗಾಲ ಮಾತು ಬಿಟ್ಟಿದ್ದ.

ಗೋದಲಿ ಮುಗಿಯಿತು. ಆಗ ನೆನಪಾಯಿತು:
ಬಾಲಯೇಸುವಿನ ಗೊಂಬೆ ಕಪಾಟಿನಲ್ಲಿ,
ಕಪಾಟಿನ ಕೀಲಿ ಮಂಗಳೂರಿನಲ್ಲಿ, ಟೀಚರ ಪರ್ಸಿನಲ್ಲಿ.
ಹೊಟ್ಟಿನ ನಡುವೆ ಒಂದು ಸಣ್ಣ ಗುಳಿ ಮಾಡಿಟ್ಟೆವು.
ಬೆಳಿಗ್ಗೆ ಬಂದವರೆಲ್ಲ, ಬ್ಯಾಗೂ ಇಳಿಸದೆ,
ಬೆರಳಿನಿಂದ ಅದನ್ನು ಮುಟ್ಟಿ ಸರಿಮಾಡಿ ಹೋಗುವರು,
ಹಾಸಿಗೆ ಹಾಸುವವರ ಹಾಗೆ.

ರಜೆಯ ಹಿಂದಿನ ದಿನ ಮೊಬೈಲು ಮಿಣುಕಿತು:
"ಹೆಣ್ಣು. ಎರಡೂ ಮುಕ್ಕಾಲು ಕಿಲೊ.
ಕುರಿ ತಿದ್ದಲಿಲ್ಲ ತಾನೆ?"
ಹದಿನಾಲ್ಕು ಒಂಟೆಗಳ ಫೋಟೊ ಕಳಿಸಿದೆ.